ವಿಭೂತಿ ಬಿದ್ದ ಮೇಲೆ

ನಾನು ಕೆತ್ತುತ್ತಿದ್ದ ಮರದ ನಾಯಿಯ ಹಣೆಗೆ ವಿಭೂತಿ ಬಳಿದು, ಯಾರೋ ಒಬ್ಬ ತಾಯಿ "ಉಘೇ ಮಾದಪ್ಪ" ಎನ್ನುತ್ತಾ ಅಡ್ಡಬಿದ್ದೇಬಿಟ್ಟರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಹನೂರಿನ ನಮ್ಮ ಜಗಲಿಯಲ್ಲಿ ನೀರಿಗೆಂದು ನಿಲ್ಲುವುದುಂಟು. ಈಕೆಯ ಕಣ್ಣಿಗೆ ನನ್ನ ನಾಯಿ ಸ್ವಾಮಿಯ ವಾಹನವಾದ ಹುಲಿಯಂತೆ ಕಂಡಿತ್ತು!

ಹೈಸ್ಕೂಲು ಓದುವಾಗ ಕೈಬಿಟ್ಟಿದ್ದ ಉಳಿಯನ್ನು ನಿವೃತ್ತನಾದ ಮೇಲೆ ಮತ್ತೆ ಹಿಡಿದು, ನಮ್ಮ ಮನೆಯ ನಾಯಿ ಕರಿಯನನ್ನೇ ಎದುರಿಗೆ ಕೂರಿಸಿಕೊಂಡು ಕೆತ್ತುತ್ತಿದ್ದೆ. ಇನ್ನೊಂದು ಕಿವಿಯಷ್ಟೇ ಬಾಕಿ.

"ಅದು ನಾಯಿ ಕಣಮ್ಮ" ಎಂದೆ.

ಆಕೆ ಕೆನ್ನೆ ಬಡಿದುಕೊಂಡರು. "ಬುಡ್ತು ಅನ್ನಿ ಸಾ! ಮಾದಪ್ಪನ ಉಲಿಗೆ ನಾಯಿ ಅಂತೀರಲ್ಲ!"

ಸುಮ್ಮನೆ "ಬಿಡ್ತು" ಎಂದೆ. ಪರಸೆ ಮುಂದಕ್ಕೆ ಹೋಯಿತು. ಆ ಕಿವಿಯನ್ನು ಮುಗಿಸೋಣವೆಂದು ಉಳಿ ಎತ್ತಿದರೆ ಹೆಂಡತಿ ಕೈ ಹಿಡಿದಳು. "ಈಬೂತಿ ಬಿದ್ದ ಮ್ಯಾಕೆ ಉಳಿ ಮುಟ್ಟಿಸ್ಬ್ಯಾಡಿ ಕಣ್ರಿ. ಎಂಗಿದ್ರೂ ಅದು ನಾಯಿ ತರ ಇರ್ನಿಲ್ಲ."

ಒಕ್ಕಿವಿಯ ಆ ಪ್ರಾಣಿ ಈಗ ನಮ್ಮ ದೇವರ ಗೂಡಿನಲ್ಲಿದೆ. ಸೋಮವಾರ ಅದಕ್ಕೆ ಹೂವು, ತುಪ್ಪದ ದೀಪ, ಮಂಗಳಾರತಿ. ದಿನಗಟ್ಟಲೆ ಅಲುಗದೆ ಕೂತು ಕೆತ್ತಿಸಿಕೊಂಡ ಕರಿಯ ಮಾತ್ರ ಇವತ್ತಿಗೂ ಹೊಸ್ತಿಲು ದಾಟುವಂತಿಲ್ಲ.