ತೂಕ ನೋಡದೆ ಆರಿಸಿದ ಬ್ಯಾಟರಿ

ಡಿಪ್ಲೊಮಾ ಮುಗಿಸಿದ ಎರಡನೇ ವರ್ಷ ನನಗೆ ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ಮಧ್ಯಭಾಗ. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ನಾನು ಮೇಂಟೆನೆನ್ಸ್ ಸೂಪರ್‌ವೈಸರ್. ಮೋಟಾರು, ಫ್ಯೂಸುಗಳ ಜೊತೆಗೆ, ಭಾರದ ಸಾಮಾನು ಎತ್ತಿ ಸಾಗಿಸಲು ಕಾರ್ಖಾನೆಯಲ್ಲಿದ್ದ ಒಂದೇ ಒಂದು ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟಿನ ಬ್ಯಾಟರಿಯೂ ನನ್ನ ಪಾಲಿಗೆ ಬಂದಿತ್ತು.

ಆ ಗಾಡಿ ಓಡಿಸುತ್ತಿದ್ದವರು ಕುರುಬರಹಳ್ಳಿಯವರು, ನನಗಿಂತ ಮೂವತ್ತು ವರ್ಷ ದೊಡ್ಡವರು. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ಮಧ್ಯಾಹ್ನ ಬ್ಯಾಟರಿ ರೂಮಿನ ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ಅವರ ಮನೆಯ ಹುರುಳಿಕಾಳಿನ ಸಾರು ಅರ್ಧ ನನ್ನ ಡಬ್ಬಿಗೆ ಬರುತ್ತಿತ್ತು. ಬ್ಯಾಟರಿಯ ಸೆಲ್‌ಗಳಿಗೆ ಡಿಸ್ಟಿಲ್ಡ್ ನೀರನ್ನು ಚಾರ್ಜ್ ಮುಗಿದ ಮೇಲೆ ಹಾಕಬೇಕು, ಮೊದಲೇ ತುಂಬಿದರೆ ಆ್ಯಸಿಡ್ ಉಕ್ಕಿ ಹೊರಗೆ ಬರುತ್ತದೆ ಎನ್ನುವುದನ್ನು ನನಗೆ ಹೇಳಿಕೊಟ್ಟವರು ಅವರೇ. ನಾನು ಓದಿದ್ದ ಪುಸ್ತಕದಲ್ಲಿ ಅದು ಇತ್ತೋ ಇಲ್ಲವೋ ನೆನಪಿಲ್ಲ.

ಆ ವರ್ಷ ಕರೆಂಟಿನ ತಾಪತ್ರಯ ಬಹಳ. ಚಾರ್ಜಿಗೆ ಹಾಕಿದ ಬ್ಯಾಟರಿ ಅರ್ಧಕ್ಕೇ ನಿಲ್ಲುವುದು, ಅದನ್ನೇ ತೆಗೆದು ಗಾಡಿಗೆ ಹಾಕುವುದು ದಿನದ ಪಾಡಾಗಿತ್ತು. ಹೀಗೆ ತಿಂಗಳುಗಟ್ಟಲೆ ನಡೆದು ಬ್ಯಾಟರಿ ಸತ್ತೇಹೋಯಿತು. ಬೆಳಿಗ್ಗೆ ಹೊರಟ ಗಾಡಿ ಊಟದ ಹೊತ್ತಿಗೆ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಹೊಸದು ಬೇಕು ಎಂದು ಬರೆದುಕೊಟ್ಟೆ. ಮೊದಲಿನ ಥರದ್ದೇ ಬರಲು ನಾಲ್ಕು ತಿಂಗಳು ಕಾಯಬೇಕೆಂದು ತಿಳಿಯಿತು. ವ್ಯಾಪಾರಿಯೊಬ್ಬರು ಬೇರೆ ಒಂದನ್ನು ತೋರಿಸಿದರು. ನೋಡಲು ಮ್ಯಾನೇಜರು ನನ್ನನ್ನೇ ಕಳಿಸಿದರು. ವೋಲ್ಟೇಜ್ ಅಷ್ಟೇ ಇತ್ತು. ಪ್ಲಗ್ ಹೊಂದುತ್ತಿತ್ತು. ಪೆಟ್ಟಿಗೆ ಮಾತ್ರ ಸ್ವಲ್ಪ ಚಿಕ್ಕದು. ಪಕ್ಕದ ಸಂದಿಗೆ ಮರದ ತುಂಡು ಬಿಗಿದರಾಯಿತು ಅಂದುಕೊಂಡು ಸರಿ ಎಂದು ಸಹಿ ಹಾಕಿದೆ. ಇಷ್ಟು ಬೇಗ ಬ್ಯಾಟರಿ ತಂದದ್ದಕ್ಕೆ ಮ್ಯಾನೇಜರು ನಾಲ್ಕು ಜನರ ಎದುರು ನನ್ನನ್ನು ಹೊಗಳಿದರು.

ಮೂರನೇ ದಿನ ಯಜಮಾನರು ನನ್ನ ಮೇಜಿನ ಹತ್ತಿರ ಬಂದರು.

"ಸಾರ್, ಗಾಡಿ ಹಿಂದ್ಗಡೆ ಹಗುರ ಆಗ್ಬಿಟ್ಟಿದೆ. ಲೋಡ್ ಎತ್ತಿ ಬ್ರೇಕ್ ಹಾಕಿದ್ರೆ ಹಿಂದಿನ ಚಕ್ರ ನೆಲಾನೇ ಹಿಡಿಯಲ್ಲ."

"ಹೊಸ ಬ್ಯಾಟರಿ ಅಲ್ವಾ ಯಜಮಾನ್ರೇ, ಜೋರಾಗಿ ಓಡುತ್ತೆ. ಅಭ್ಯಾಸ ಆಗುತ್ತೆ ಬಿಡಿ."

"ಜೋರು ಅಲ್ಲ ಸಾರ್, ಹಗುರ ಅಂತಿದೀನಿ. ಒಂದ್ಸಲ ಬಂದು ನೋಡಿ."

ಬರ್ತೀನಿ ಎಂದೆ. ಹೋಗಲಿಲ್ಲ. ಮುಂದಿನ ವಾರ ಅವರು ಮತ್ತೆ ಹೇಳಿದಾಗ, ನನ್ನ ಆಯ್ಕೆಯಲ್ಲಿ ಹುಳುಕು ಹುಡುಕುತ್ತಿದ್ದಾರೆ ಅನ್ನಿಸಿ ನನಗೆ ಸಿಟ್ಟೇ ಬಂತು.

ಇಪ್ಪತ್ತು ದಿನ ಕಳೆದಿರಬಹುದು. ಬೆಳಿಗ್ಗೆ ಹತ್ತರ ಸುಮಾರಿಗೆ ಅಂಗಳದಿಂದ ದೊಡ್ಡ ಸದ್ದು ಕೇಳಿತು. ಓಡಿದೆ. ಎರಕದ ಸಾಮಾನು ತುಂಬಿದ ಪೆಟ್ಟಿಗೆ ಎತ್ತಿಕೊಂಡು ಇಳಿಜಾರಿನಲ್ಲಿ ಬರುವಾಗ ಗಾಡಿಯ ಹಿಂಭಾಗ ಮೇಲೆದ್ದಿತ್ತು. ಯಜಮಾನರು ಹೆದರಿ ಪಕ್ಕಕ್ಕೆ ಜಿಗಿದಿದ್ದರು. ಅದೇ ಕ್ಷಣಕ್ಕೆ ಪೆಟ್ಟಿಗೆ ಮುಂದಕ್ಕೆ ಜಾರಿಬಿದ್ದು, ಗಾಡಿ ದಡಾರನೆ ಹಿಂದಕ್ಕೆ ಕೂತಿತ್ತು. ಅವರ ಎಡಪಾದ ಹಿಂದಿನ ಚಕ್ರದ ಅಡಿಯಲ್ಲಿತ್ತು. ಐದಾರು ಜನ ಸೇರಿ ಹಾರೆ ಹಾಕಿ ಎತ್ತಿದೆವು. ಅವರು ಕೂಗಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದರು, ಅಷ್ಟೇ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು.

ಮಾರನೆಯ ದಿನ ಮ್ಯಾನೇಜರು ಒಂದು ಹಾಳೆ ಮುಂದಿಟ್ಟರು. ಚಾಲಕ ಮಿತಿ ಮೀರಿ ಭಾರ ಎತ್ತಿದ್ದೇ ಕಾರಣ, ಗಾಡಿ ಮತ್ತು ಬ್ಯಾಟರಿ ಸುಸ್ಥಿತಿಯಲ್ಲಿದ್ದವು ಎಂದು ಟೈಪಾಗಿತ್ತು. "ಬ್ಯಾಟರಿ ನಿಮ್ಮದಲ್ವೇನ್ರೀ, ಸೈನ್ ಮಾಡಿ" ಎಂದರು. ಮಾಡಿದೆ. ಮ್ಯಾನೇಜರು ಬರೆಸಿದ್ದೇ ನಿಜವಿರಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಎರಡು ದಿನ ಬಿಟ್ಟು ಗಾಡಿಯನ್ನು ರಿಪೇರಿಗೆಂದು ಒಳಗೆ ತಂದರು. ಸೀಟಿನ ಪಕ್ಕದ ತಗಡಿನ ಮೇಲೆ ಗ್ರೀಸು, ಹಳೇ ಬಣ್ಣ ಮೆತ್ತಿಕೊಂಡಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದೆ. ಗಾಡಿ ಎಷ್ಟು ಭಾರ ಎತ್ತಬಹುದು ಎನ್ನುವುದರ ಕೆಳಗೆ ಇನ್ನೊಂದು ಸಾಲಿತ್ತು: ಬ್ಯಾಟರಿಯ ತೂಕ ಇಷ್ಟಕ್ಕಿಂತ ಕಡಿಮೆ ಇರಕೂಡದು. ಮುಂದೆ ಎತ್ತುವ ಭಾರಕ್ಕೆ ಹಿಂದಿನಿಂದ ಎದುರು ನಿಲ್ಲುವುದೇ ಆ ಬ್ಯಾಟರಿ. ಅದನ್ನು ತೆಗೆಸಿ ಸ್ಟೋರಿನ ತಕ್ಕಡಿಯ ಮೇಲೆ ಇಟ್ಟೆ. ಸುಮಾರು ಇನ್ನೂರು ಕಿಲೋ ಕಡಿಮೆ ಬಂತು. ಅವತ್ತು ಬಿದ್ದ ಪೆಟ್ಟಿಗೆಯನ್ನೂ ತೂಗಿಸಿದೆ. ಅದು ಮಿತಿಯೊಳಗೇ ಇತ್ತು.

ಭಾನುವಾರ ಕುರುಬರಹಳ್ಳಿಗೆ ಹೋದೆ. ಹೆಂಚಿನ ಮನೆ. ಯಜಮಾನರು ಚಾಪೆಯ ಮೇಲೆ ಗೋಡೆಗೆ ಒರಗಿದ್ದರು, ಕಾಲ ಕೆಳಗೆ ಎರಡು ದಿಂಬು. ಅವರ ಹೆಂಡತಿ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತರು.

"ನಿಜ ಹೇಳಿ ಸಾರ್" ಎಂದರು ಯಜಮಾನರು. "ನಾನು ಜಾಸ್ತಿ ಲೋಡ್ ಎತ್ಬಿಟ್ನಾ? ಎಲ್ರೂ ಹಂಗೇ ಅಂತಿದಾರೆ. ಹದಿನಾರು ವರ್ಷ ಓಡ್ಸಿದೀನಿ, ಈಗ ನನಗೇ ಅನುಮಾನ ಬರ್ತಿದೆ."

ಲೋಟ ಕೆಳಗಿಟ್ಟೆ. "ಇಲ್ಲ ಯಜಮಾನ್ರೇ. ಬ್ಯಾಟರಿ ಹಗುರ ಇತ್ತು. ನೀವು ಹೇಳಿದ್ದೇ ಸರಿ. ತೂಕ ನಾನು ನೋಡ್ಲಿಲ್ಲ. ಆಮೇಲೆ ತಪ್ಪು ನಿಮ್ಮದೂಂತ ಇರೋ ಕಾಗದಕ್ಕೂ ಸೈನ್ ಹಾಕ್ದೆ."

ಅವರ ಹೆಂಡತಿ ಬಂದು ಅರ್ಧ ಕುಡಿದ ಲೋಟ ತೆಗೆದುಕೊಂಡು ಒಳಗೆ ಹೋದರು. "ನೀವಿನ್ನು ಹೊರಡಿ" ಎಂದು ಒಳಗಿನಿಂದಲೇ ಹೇಳಿದರು.

ಸೋಮವಾರ ಮೊದಲ ಕೆಲಸವಾಗಿ ಎರಡೂ ತೂಕಗಳನ್ನು ಬರೆದು, ಹಿಂದಿನ ಸಹಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಸೇರಿಸಿ ಮ್ಯಾನೇಜರಿಗೆ ಕೊಟ್ಟೆ. ಒಂದು ಪ್ರತಿಯನ್ನು ಕಾರ್ಮಿಕ ಸಂಘದವರಿಗೂ ಕೊಟ್ಟೆ. ಮ್ಯಾನೇಜರು ಬಾಗಿಲು ಹಾಕಿಸಿ ಬೈದರು. "ನಿಮ್ಮ ಕೆಲಸ ನೀವೇ ಕಳ್ಕೋತೀರಾ?" ಎಂದು ಕೇಳಿದರು. ನಾನು ಕಾಗದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂಘದವರು ಪಟ್ಟು ಹಿಡಿದದ್ದರಿಂದ ಯಜಮಾನರ ಮೇಲಿದ್ದ ಆರೋಪ ಬಿದ್ದುಹೋಯಿತು. ಬ್ಯಾಟರಿ ಪಕ್ಕದ ಸಂದಿಗೆ ಮರದ ಬದಲು, ಕಡಿಮೆ ಬಿದ್ದ ತೂಕ ತುಂಬುವಷ್ಟು ಕಬ್ಬಿಣದ ಹಲಗೆಗಳನ್ನು ಬಿಗಿದು, ಗಾಡಿ ತಯಾರಿಸಿದವರಿಂದ ಪರೀಕ್ಷೆ ಮಾಡಿಸಿದರು. ನನ್ನ ಕೆಲಸ ಹೋಗಲಿಲ್ಲ. ನನಗೆ ಬರಬೇಕಿದ್ದ ಪ್ರಮೋಷನ್ ಇನ್ನೊಬ್ಬರಿಗೆ ಹೋಯಿತು.

ಯಜಮಾನರು ಐದು ತಿಂಗಳ ನಂತರ ಕುಂಟುತ್ತಾ ವಾಪಸು ಬಂದರು. ಗಾಡಿ ಓಡಿಸುವಂತಿರಲಿಲ್ಲ, ಬ್ಯಾಟರಿ ರೂಮಿಗೆ ಹಾಕಿದರು. ಚಾರ್ಜು, ನೀರು, ಟರ್ಮಿನಲ್ ಒರೆಸುವುದು ಎಲ್ಲ ಅಚ್ಚುಕಟ್ಟು. ಊಟಕ್ಕೆ ಮಾತ್ರ ಅವರು ಕ್ಯಾಂಟೀನಿಗೆ ಹೋಗತೊಡಗಿದರು. ಕಟ್ಟೆಯ ಮೇಲೆ ನಾನೊಬ್ಬನೇ.

ಒಂದು ದಿನ ತಡೆಯಲಾರದೆ ಕ್ಷಮೆ ಕೇಳಿದೆ. ಅವರು ಸೆಲ್ಲಿನ ಮುಚ್ಚಳ ತಿರುಗಿಸುತ್ತಿದ್ದರು.

"ತೂಕ ಮರ್ತಿದ್ದು ಬಿಡಿ ಸಾರ್, ಯಾರು ಬೇಕಾದ್ರೂ ಮರೀತಾರೆ. ನಾನು ಎರಡು ಸಲ ಬಂದು ಹೇಳ್ದೆ. ಒಂದ್ಸಲ ಬಂದು ಸೀಟ್ ಮೇಲೆ ಕೂತು ನೋಡ್ಬೋದಿತ್ತು ನೀವು."

ಅವರು ನಿವೃತ್ತರಾಗುವವರೆಗೆ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ.