ಅವ್ವ ಉಣ್ಣದ ಮನೆ

ಬಾಕ್ಸಿಂಗ್ ಕಲಿಯುವವರು ಎದುರಿಗೆ ನೇತುಹಾಕಿಕೊಂಡು ಎರಡೂ ಮುಷ್ಟಿಯಿಂದ ಪಟಪಟನೆ ಗುದ್ದುವ ಒಂದು ಚರ್ಮದ ಬುರುಡೆ ಇರುತ್ತದೆ. ಸ್ಪೀಡ್ ಬ್ಯಾಗ್ ಅನ್ನುತ್ತಾರೆ. ಅದನ್ನು ನಾನು ಕೈಯಲ್ಲಿ ಹೊಲಿಯುತ್ತೇನೆ. ಹಾಸನದ ನಮ್ಮ ಮನೆಯ ಮಹಡಿ ಮೇಲೆ ಶೀಟು ಹೊದಿಸಿದ ಒಂದು ಕೋಣೆ ಇದೆ, ಅಲ್ಲೇ ನನ್ನ ಕೆಲಸ. ಈ ಕೆಲಸ ಶುರುಮಾಡಿದ ವರ್ಷದಿಂದ ಅವ್ವ ನಮ್ಮ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು, ಮೊಮ್ಮಗಳ ಸುದ್ದಿ ಕೇಳುತ್ತಿದ್ದಳು, ತಟ್ಟೆ ಇಟ್ಟರೆ ಎದ್ದು ಹೋಗಿ ಬೀದಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಾರಣ ನನಗೆ ಗೊತ್ತು ಅಂದುಕೊಂಡಿದ್ದೆ.

ಗೊತ್ತಿರದೆ ಏನು? ನಮ್ಮದು ಹಳ್ಳಿಮೈಸೂರಿನ ಆಚೆ ಬೇಸಾಯದ ಮನೆತನ. ಹಸು ಕರೆಯುವುದು ನಮ್ಮ ಕೆಲಸ, ಸಗಣಿ ಬಾಚುವುದು ನಮ್ಮ ಕೆಲಸ, ಆದರೆ ಸತ್ತ ಮೇಲೆ ಅದರ ತೊಗಲು ಮಾತ್ರ ಬೇರೆಯವರ ಪಾಲು. ಅದನ್ನು ಮುಟ್ಟುವವರನ್ನು ಜಗಲಿ ಹತ್ತಿಸದೆ ಬದುಕಿದ ಊರು ನಮ್ಮದು. ಅದೇ ತೊಗಲಿನ ಚಪ್ಪಲಿ ಮೆಟ್ಟಿಕೊಂಡು ನೆಂಟರ ಮದುವೆಗೆ ಹೋಗುವುದಕ್ಕೆ ಮಾತ್ರ ಯಾರಿಗೂ ಅಡ್ಡಿಯಿಲ್ಲ. ನಾನು ಚರ್ಮ ಹೊಲಿಯುತ್ತೇನೆಂದು ಗೊತ್ತಾದಾಗ ಅತ್ತಿಗೆ ಫೋನ್ ಮಾಡಿ, ರವಿಕೆ ಹೊಲ್ಕೊಂಡು ಮರ್ಯಾದೆಯಾಗಿ ಇರಬಾರದಿತ್ತಾ ಅಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮರ್ಯಾದೆ ಹೋಗೋ ಹಾಗಿದ್ದರೆ ನಿಮ್ಮ ಕಾಲಲ್ಲಿರೋದನ್ನೂ ಬಿಚ್ಚಿಟ್ಟು ಓಡಾಡಿ ಅಂದುಬಿಟ್ಟೆ. ಆ ಮೇಲೆ ಅವರು ನನಗೆ ಫೋನ್ ಮಾಡುವುದು ಕಡಿಮೆಯಾಯಿತು.

ಈ ಕೆಲಸಕ್ಕೆ ನಾನು ಬಂದದ್ದೂ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆಯೇ. ಮಗಳು ಪಿಯುಸಿಗೆಂದು ಚನ್ನರಾಯಪಟ್ಟಣದ ಹಾಸ್ಟೆಲ್ ಸೇರಿದ ಮೇಲೆ ನನಗೆ ಹೊತ್ತು ಹೋಗುತ್ತಿರಲಿಲ್ಲ. ಹೆಂಗಸರಿಗೆಂದು ಯಾರೋ ನಡೆಸುತ್ತಿದ್ದ ತರಬೇತಿಗೆ ಸೇರಿ ಚರ್ಮದ ಪರ್ಸು, ಬೆಲ್ಟು ಹೊಲಿಯಲು ಕಲಿತೆ. ಒಂದು ದಿನ ಬಾಕ್ಸಿಂಗ್ ಹೇಳಿಕೊಡುವ ಮೇಷ್ಟ್ರೊಬ್ಬರು ಹರಿದು ಚಪ್ಪಟೆಯಾದ ಚೀಲದಂಥದ್ದೇನನ್ನೋ ಹಿಡಿದು ಬಂದು, ಇದೇ ಥರ ಒಂದು ಹೊಲಿದುಕೊಡ್ತೀರಾ ಮೇಡಂ ಅಂದರು. ಅದರ ತಲೆ ಯಾವುದು ಬುಡ ಯಾವುದು ತಿಳಿಯಲಿಲ್ಲ. ಕೇಳಲು ನಾಚಿಕೆಯಾಗಿ, ಎಲ್ಲ ಬಲ್ಲವಳ ಹಾಗೆ ತಲೆಯಾಡಿಸಿದೆ. ಹೊಲಿಗೆ ಬಿಚ್ಚಿದರೆ ನಾಲ್ಕು ಎಸಳು ಸಿಕ್ಕವು. ಅದೇ ಅಳತೆಗೆ ಕತ್ತರಿಸಿ ಹೊಲಿದೆ. ಚೀಲ ಅಂದ ಮೇಲೆ ಒಳಗೆ ಏನಾದರೂ ತುಂಬಲೇಬೇಕಲ್ಲ? ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನ ನಾರು ತರಿಸಿ, ಗಾಡಿ ಮೆತ್ತೆಗೆ ತುಂಬುವ ಹಾಗೆ ದೊಣ್ಣೆಯಿಂದ ಒತ್ತಿ ಒತ್ತಿ ತುಂಬಿದೆ. ಮೇಷ್ಟ್ರು ಒಂದು ಗುದ್ದು ಗುದ್ದಿ ಕೈ ಒದರಿಕೊಂಡು ಕೂತರು. ಒಳಗೆ ಗಾಳಿ ತುಂಬಿದ ರಬ್ಬರಿನ ಬ್ಲ್ಯಾಡರ್ ಇರಬೇಕಂತೆ. ಅದು ಒಡೆದುಹೋಗಿತ್ತೆಂದು ಅವರೇ ತೆಗೆದು ಎಸೆದಿದ್ದರಂತೆ. ನಮ್ಮ ಯಜಮಾನರು ವಾರವೆಲ್ಲ ಅದನ್ನೇ ಹೇಳಿಕೊಂಡು ನಕ್ಕರು.

ಆಮೇಲೆ ಕಲಿತೆ. ಎಸಳುಗಳನ್ನು ಚರ್ಮದ ಒಂದೇ ದಿಕ್ಕಿಗೆ ಕತ್ತರಿಸಬೇಕು, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ, ಬೆನ್ನಿನದು ಹಿಗ್ಗುವುದಿಲ್ಲ. ಒಂದೆಸಳು ಹೊಟ್ಟೆಯದಾದರೆ ಬುರುಡೆ ಸೊಟ್ಟ ಬೆಳೆದು ಹೊಡೆದ ಕಡೆಗೆ ಹೋಗದೆ ಓರೆಗೆ ಓಡುತ್ತದೆ. ದಬ್ಬಣದಲ್ಲಿ ತೂತು ಮಾಡಿಕೊಂಡು, ಮೇಣ ಹಚ್ಚಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಎಳೆಯಬೇಕು. ಒಳಗು ಹೊರಗಾಗಿ ಹೊಲಿದು, ಒದ್ದೆ ಮಾಡಿ, ಬಾಯಿಂದ ಹೊರಕ್ಕೆ ಮಗುಚಬೇಕು. ಬ್ಲ್ಯಾಡರ್ ತೂರಿಸಿ, ಬಾಯಿಗೆ ಲೇಸು ಕಟ್ಟಿ, ಪಂಪಿನಲ್ಲಿ ಗಾಳಿ ಹಾಕಿದಾಗ ಅದು ಸರಿಯಾಗಿ ದುಂಡಗಾದರೆ ನನಗೆ ಈಗಲೂ ಖುಷಿಯಾಗುತ್ತದೆ.

ಚರ್ಮ ಬಂದ ದಿನ ಬಿಸಿಲಿಗೆ ಹಿಡಿದು ಅಂಗೈಯಲ್ಲಿ ಸವರಿ ನೋಡುವುದೇ ದೊಡ್ಡ ಕೆಲಸ. ಬೇಲಿ ಮುಳ್ಳು ಗೀರಿದ್ದು, ಉಣ್ಣಿ ಕಚ್ಚಿದ್ದು, ಹಗ್ಗ ಉಜ್ಜಿದ್ದು ಎಲ್ಲ ಅದರಲ್ಲಿ ಉಳಿದಿರುತ್ತದೆ. ಗುದ್ದು ಬಿದ್ದಾಗ ಮೊದಲು ಹರಿಯುವುದು ಆ ಜಾಗವೇ, ಹಾಗಾಗಿ ಅಂಥ ಕಡೆ ಬಿಟ್ಟು ಕತ್ತರಿಸುತ್ತೇನೆ. ಮೇಷ್ಟ್ರಿಗೆ ಕೆಂಪು ಬಣ್ಣವೇ ಇಷ್ಟವಾದ್ದರಿಂದ ನಾನು ತರಿಸುವುದೆಲ್ಲ ಕೆಂದು ಬಣ್ಣ ಹಾಕಿದ ಚರ್ಮ.

ಅವ್ವನ ವಿಷಯಕ್ಕೆ ಬರುತ್ತೇನೆ. ಅವಳು ಅಣ್ಣನ ಮನೆಯಲ್ಲಿದ್ದಾಳೆ, ಹೊಳೆನರಸೀಪುರಕ್ಕೆ ಬಂದು ಅಲ್ಲಿಂದ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಾಳೆ. ಅವಳು ಉಣ್ಣದಿದ್ದರೆ ನನಗೇನು ಅಂತ ಬೀಗಬಹುದಿತ್ತು, ಆಗಲಿಲ್ಲ. ಊರವರು ಏನಾದರೂ ಅನ್ನಲಿ, ಅವ್ವ ಒಬ್ಬಳು ನನ್ನ ಕೈಯಿಂದ ಒಂದು ಮುದ್ದೆ ಉಂಡರೆ ಸಾಕಿತ್ತು. ಅದಕ್ಕೆ ನಾನು ಮಾಡದ ಕಸರತ್ತಿಲ್ಲ. ನಡುಮನೆಯಲ್ಲಿದ್ದ ಕೆಲಸವನ್ನು ಮಹಡಿಗೆ ಸಾಗಿಸಿದೆ. ಅವಳು ಬರುವ ದಿನ ದಬ್ಬಣ ಮುಟ್ಟದೆ, ತಲೆಗೆ ಸ್ನಾನ ಮಾಡಿ, ದೇವರ ದೀಪ ಹಚ್ಚಿ ಅಡುಗೆಗಿಟ್ಟೆ. ಹೊಸ ಪಾತ್ರೆ ತಂದೆ. ನನಗೆ ನಂಬಿಕೆಯಿಲ್ಲದ ಮಡಿಯನ್ನೆಲ್ಲ ಅವಳಿಗಾಗಿ ಮಾಡುವಾಗ ಒಳಗೊಳಗೇ ಉರಿಯುತ್ತಿತ್ತು, ಆದರೂ ಮಾಡಿದೆ. ಅವ್ವ ತಟ್ಟೆ ನೋಡಿ, ಈಗ ಬ್ಯಾಡ ಕಣ್ಮಗ, ಅಂದು ಎದ್ದಳು. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು.

ಇಷ್ಟಾದರೆ ಮುನಿಸಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ನನ್ನ ತಲೆ ಕೆಡಿಸಿದ್ದು ಬೇರೆ. ಒಂದು ಸಲ ಅವ್ವ ಬಂದಿದ್ದಾಗ ಅಂಗಡಿಗೆ ಹೋಗಿ ಬಂದು ಮಹಡಿ ಹತ್ತಿದರೆ ನಾನು ಸುರುಳಿ ಸುತ್ತಿಟ್ಟಿದ್ದ ಚರ್ಮಗಳೆಲ್ಲ ಬಿಚ್ಚಿಕೊಂಡು ಬಿದ್ದಿದ್ದವು. ಬೆಕ್ಕಿನ ಕೆಲಸ ಅಂದುಕೊಂಡೆ. ಇನ್ನೊಂದು ಸಲ ಕಣ್ಣಾರೆ ಕಂಡೆ: ನೇತುಹಾಕಿದ್ದ ಬುರುಡೆಯ ಅಡಿಗೆ ಅವ್ವ ಅಂಗೈ ಕೊಟ್ಟು, ಕೆಚ್ಚಲು ನೋಡುವ ಹಾಗೆ ಮೆಲ್ಲಗೆ ಒತ್ತುತ್ತಾ ನಿಂತಿದ್ದಳು. ಆಮೇಲೆ ಮೂಗಿನ ಹತ್ತಿರ ತಂದು ಮೂಸಿದಳು. ನನ್ನನ್ನು ಕಂಡವಳೇ ಸೆರಗಿಗೆ ಕೈ ಒರೆಸಿಕೊಂಡು ಕೆಳಗಿಳಿದು ಹೋದಳು.

ಮೈಲಿಗೆ ಅನ್ನುವವಳು ಮುಟ್ಟುವುದೇಕೆ? ಮುಟ್ಟುವವಳು ಉಣ್ಣದಿರುವುದೇಕೆ? ನನಗೆ ಒಂದಕ್ಕೊಂದು ತಾಳೆಯೇ ಆಗಲಿಲ್ಲ. ಯಜಮಾನರನ್ನು ಕೇಳಿದರೆ, ನಿಮ್ಮವ್ವನಿಗೂ ಕಲೀಬೇಕು ಅಂತ ಆಸೆ ಇರಬೇಕು, ಒಂದು ಸೂಜಿ ಕೊಟ್ಟು ನೋಡು ಅಂದರು. ಅವರಿಗೆ ಎಲ್ಲವೂ ತಮಾಷೆ. ಅವ್ವನನ್ನೇ ಕೇಳಬಹುದಿತ್ತು. ಆದರೆ ಹೌದು ನೀನು ಮೈಲಿಗೆ ಅಂತ ಅವಳ ಬಾಯಿಂದಲೇ ಬಂದುಬಿಟ್ಟರೆ ಅನ್ನುವ ಹೆದರಿಕೆ. ಬಂದರೆ ಏನು ಮಾಡಬೇಕು, ಕೆಲಸ ಬಿಡಬೇಕೋ ಅವ್ವನನ್ನು ಬಿಡಬೇಕೋ, ತಿಳಿಯದೆ ಒದ್ದಾಡುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವ್ವನ ಕಣ್ಣಿನ ಪೊರೆ ಬಲಿತು ಹಾಸನದಲ್ಲೇ ಆಪರೇಷನ್ ಮಾಡಿಸುವುದೆಂದಾಯಿತು. ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕಲು ಕೆಲವು ದಿನ ನಮ್ಮ ಮನೆಯಲ್ಲೇ ಇರಬೇಕು. ಈಗ ಎಲ್ಲಿಗೆ ಹೋಗ್ತಾಳೆ, ಉಣ್ಣಲೇಬೇಕಲ್ಲ ಅಂತ ನನಗೆ ಒಳಗೇ ಹಿಗ್ಗು. ಅವ್ವ ಬಸ್ಸಿಳಿದಾಗ ಕಂಕುಳಲ್ಲಿ ಬಟ್ಟೆ ಚೀಲವಿತ್ತು. ಒಳಗೆ ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಾಳೆಹಣ್ಣು. ಒಂದು ಚೊಂಬನ್ನೂ ತಂದಿದ್ದಳು. ನನ್ನ ಹಿಗ್ಗೆಲ್ಲ ಅಲ್ಲೇ ಇಳಿಯಿತು.

ಆಪರೇಷನ್ ಚೆನ್ನಾಗಿ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಬೀದಿ ಬಾಗಿಲ ಮೆಟ್ಟಿಲ ಮೇಲೆ ಕೂತು, ತಡಕಾಡಿಕೊಂಡು ಚೊಂಬಿನ ನೀರಲ್ಲಿ ಅವಲಕ್ಕಿ ನೆನೆಸಿಕೊಳ್ಳುತ್ತಿದ್ದಳು. ಅರ್ಧ ಅವಲಕ್ಕಿ ನೆಲದ ಪಾಲು. ಮರುದಿನವೂ ಅದೇ. ಡಾಕ್ಟರು ಚೆನ್ನಾಗಿ ಊಟ ಮಾಡಿಸಿ ಅಂದಿದ್ದರು. ಒಳಗೆ ಬಿಸಿ ಮುದ್ದೆ, ಅವರೆಕಾಳು ಸಾರು ಮಾಡಿಟ್ಟುಕೊಂಡು ನಾನು ಇದನ್ನು ನೋಡುತ್ತಾ ನಿಂತಿದ್ದೆ. ಎದುರು ಮನೆಯವರೂ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅವ್ವ, ತೊಗಲು ಮುಟ್ಟೋ ಮಗಳು ಮೈಲಿಗೆ ಅಂತ ಬಾಯ್ಬಿಟ್ಟು ಹೇಳ್ಬುಡು. ಬೀದೀಲಿ ಕೂತು ಯಾಕೆ ನನ್ನ ಮಾನ ಕಳೀತೀಯ?" ಅಂದೆ. ಕೂಗಿಯೇ ಅಂದೆ.

ಅವ್ವ ಮುಖ ನನ್ನ ಕಡೆ ತಿರುಗಿಸಿದಳು, ನಾನು ನಿಂತಿದ್ದ ಜಾಗ ಬಿಟ್ಟು ಬೇರೆಲ್ಲೋ ನೋಡಿದಳು. ಮೈಲಿಗೆ ಅಂತ ನಾನು ಯಾವಾಗ ಅಂದೆ ಅಂತ ಕೇಳಿದಳು. ಹಾಗಾದರೆ ಯಾಕೆ ಅಂದೆ. ಕೈಯಲ್ಲಿದ್ದ ಅವಲಕ್ಕಿಯನ್ನು ಚೊಂಬಿಗೇ ಬಿಟ್ಟಳು. ಆಮೇಲೆ, ನಮ್ಮ ಕೆಂದು ಹಸು ನೆನಪಿದೆಯಾ ಅಂದಳು.

ನೆನಪಿಲ್ಲದೆ? ನಾನು ಬಾಣಂತನಕ್ಕೆ ಹೋದಾಗ ಅದು ಮೊದಲ ಕರು ಹಾಕಿತ್ತು. ನನಗೆ ಹಾಲು ಸಾಲದೆ ಮಗಳು ಬೆಳೆದದ್ದೇ ಅದರ ಹಾಲಿನಲ್ಲಿ. ಅವ್ವನನ್ನು ಬಿಟ್ಟರೆ ಬೇರೆಯವರು ಕೈಹಾಕಿದರೆ ಒದೆಯುತ್ತಿತ್ತು. ವಯಸ್ಸಾಗಿ ಗಬ್ಬ ನಿಲ್ಲದೆ ಹೋದಾಗ ಅರಕಲಗೂಡು ಕಡೆ ಯಾರೋ ಸಾಕುವವರಿಗೆ ಕೊಟ್ಟೆವು ಅಂತ ಅಣ್ಣ ಹೇಳಿದ್ದ. ನಾನು ಚರ್ಮದ ಕೆಲಸ ಶುರುಮಾಡಿದ ವರ್ಷವೇ ಅದು.

"ಸಾಕೋರ್ಗೆ ಕೊಡ್ಲಿಲ್ಲ ಕಣ್ಮಗ," ಅಂದಳು ಅವ್ವ. "ದಲ್ಲಾಳಿಗೆ ಕೊಟ್ಟಿದ್ದು. ಯಾರು ಎಳುದ್ರೂ ಅದು ಕಾಲು ಕೀಳ್ನಿಲ್ಲ. ಕೊನೇಗೆ ನಾನೇ ಅಗ್ಗ ಇಡ್ಕಂಡು ಗಾಡಿ ಅತ್ತುಸ್ದೆ. ನಾನು ಅಂತ ನನ್ ಇಂದೆ ಬಂತು."

ಮಿಕ್ಕದ್ದನ್ನು ತಡೆ ತಡೆದು ಹೇಳಿದಳು. ಆಮೇಲೆ ನಮ್ಮ ಮನೆಗೆ ಬಂದಾಗ ನಡುಮನೆಯಲ್ಲಿ ಕೆಂದು ತೊಗಲು ಹಾಸಿತ್ತು. ಅದೇ ಬಣ್ಣ. ಅದೇ ಇರಬಹುದೇನೋ ಅನ್ನಿಸಿತಂತೆ, ಕೂತಲ್ಲಿ ಕೂರಲಾಗಲಿಲ್ಲವಂತೆ. ಹಿಂದೆ ಕಾಲು ಕುಂಟಿದಾಗ ಅದರ ತೊಡೆಗೆ ಬರೆ ಹಾಕಿಸಿದ್ದರು. ಆ ಬರೆ ಇದೆಯಾ ಅಂತ ಪ್ರತಿ ಸಲವೂ ಮಹಡಿ ಹತ್ತಿ ಹುಡುಕಿದ್ದಾಳೆ. ಪೊರೆ ಬಂದ ಕಣ್ಣಿಗೆ ಕಾಣದೆ ಬೆರಳಲ್ಲಿ ಸವರಿದ್ದಾಳೆ. ಅದು ಇಲ್ಲಿಲ್ಲ ಅಂತ ಗೊತ್ತಾಗುವವರೆಗೆ ಇಲ್ಲಿ ಅನ್ನ ಮುಟ್ಟುವುದಿಲ್ಲ ಅಂತ ತನಗೆ ತಾನೇ ಆಣೆ ಇಟ್ಟುಕೊಂಡಿದ್ದಾಳೆ. ಕಾಮಾಲೆ ಕಣ್ಣಿನವರಿಗೆ ಊರೆಲ್ಲ ಹಳದಿ ಅನ್ನುತ್ತಾರೆ. ಇಷ್ಟು ವರ್ಷ ಅವಳ ಮೈಲಿಗೆಯನ್ನು ನಾನೇ ಕಟ್ಟಿ, ನಾನೇ ಅದರ ಜೊತೆ ಜಗಳವಾಡಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಸಿಟ್ಟು ಎತ್ತ ಹೋಯಿತೋ ಗೊತ್ತಾಗಲಿಲ್ಲ. ನಗಬೇಕೋ ಅಳಬೇಕೋ ಅದೂ ಗೊತ್ತಾಗಲಿಲ್ಲ.

ಅದು ಬಣ್ಣ ಹಾಕಿದ್ದು ಅವ್ವ ಅಂದೆ. ಹದ ಮಾಡುವಾಗ ಕೂದಲೆಲ್ಲ ಹೋಗುತ್ತದೆ, ಕರಿದೂ ಬಿಳಿದೂ ಒಂದೇ ಆಗುತ್ತದೆ, ಆಮೇಲೆ ಬೇಕಾದ ಬಣ್ಣ ಹಾಕುತ್ತಾರೆ ಅಂತ ತಿಳಿಸಿ ಹೇಳಿದೆ. ಅವ್ವ ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ, "ಆದ್ರೂ ಒಂದ್ಸಲ ನೀನೇ ನೋಡ್ಬುಡು. ನಿಂಗೆ ಕಣ್ ಕಾಣ್ತದೆ," ಅಂದಳು.

ಕೈಹಿಡಿದು ಮಹಡಿ ಹತ್ತಿಸಿದೆ. ಸ್ಟೂಲಿನ ಮೇಲೆ ಕೂರಿಸಿ ಒಂದೊಂದೇ ಚರ್ಮ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ದಿನವೂ ನೋಡುವುದೇ ಆದರೂ ಅವತ್ತು ಒಂದೊಂದನ್ನೂ ಎರಡೆರಡು ಸಲ ಸವರಿದೆ. ಒಂದರ ತೊಡೆಯ ಭಾಗದಲ್ಲಿ ಉದ್ದಕ್ಕೆ ಗಡುಸಾದ ಒಂದು ಗೆರೆ ಇತ್ತು. ಬೇಲಿ ಮುಳ್ಳಿನದೋ, ಕೊಂಬಿನ ತಿವಿತವೋ, ಬೇರೇನೋ. ಬೇರೆ ದಿನವಾಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲ. ಅದನ್ನು ಮತ್ತೆ ಸುತ್ತಿಟ್ಟೆ.

ಇಲ್ಲ ಅವ್ವ, ಬರೆ ಇಲ್ಲ ಅಂದೆ. ಇದೆಲ್ಲ ಎಮ್ಮೆಯದು, ತಮಿಳುನಾಡಿನ ಕಡೆಯಿಂದ ಬರುತ್ತದೆ, ನಮ್ಮ ಹಸು ಇಲ್ಲಿಗೆ ಹೇಗೆ ಬರುತ್ತೆ ಅಂದೆ. ಎಮ್ಮೆಯದು ಅಂತ ವ್ಯಾಪಾರಿ ಹೇಳುತ್ತಾನೆ. ನಾನು ಅದನ್ನೇ ನಂಬಿಕೊಂಡು ಬಂದಿದ್ದೇನೆ, ಯಾವತ್ತೂ ಕೆದಕಿ ಕೇಳಿದವಳಲ್ಲ. ಅಷ್ಟೆಲ್ಲ ಅವ್ವನಿಗೆ ಹೇಳಲಿಲ್ಲ.

ಅವ್ವ ನಿಟ್ಟುಸಿರು ಬಿಟ್ಟಳು. ಕೈ ಚಾಚಿದಳು, ಅವಳಿಗೆ ಸಿಕ್ಕಿದ್ದು ನಾನು ಸುತ್ತಿಟ್ಟಿದ್ದ ಆ ಸುರುಳಿಯೇ. ಅದರ ಮೇಲೆ ಅಂಗೈ ಇಟ್ಟಳು.

"ಎಮ್ಮೆ ಆದ್ರೇನ್ ಮಗ," ಅಂದಳು. "ಅದ್ನೂ ನನ್ನಂಗೆ ಒಬ್ಬಳು ಅಗ್ಗ ಇಡ್ಕಂಡು ಗಾಡಿ ಅತ್ತಿಸಿರ್ತಾಳೆ."

ಅವ್ವ ಗೋಡೆ ಹಿಡಿದು ಎದ್ದಳು. ನಡಿ, ಇಕ್ಕು, ಹೊಟ್ಟೆ ಹಸೀತದೆ ಅಂದಳು.

ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಳು. ನಾನು ಮುದ್ದೆ ಇಟ್ಟು, ಗುಳಿ ಮಾಡಿ ಸಾರು ಬಿಟ್ಟೆ, ಕೈಹಿಡಿದು ತಟ್ಟೆ ಎಲ್ಲಿದೆ ಅಂತ ತೋರಿಸಿದೆ. ಮುರಿದು ನುಂಗಿದಳು. ಉಪ್ಪು ಒಂದು ಚೂರು ಮುಂದಾಗಿದೆ ಅಂದಳು. ಇನ್ನರ್ಧ ಮುದ್ದೆ ಹಾಕಿಸಿಕೊಂಡಳು. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದನ್ನೇ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಎದುರಿಗೆ ನನ್ನ ತಟ್ಟೆಯನ್ನೂ ಹಾಕಿಕೊಂಡು ಕೂತೆ. ಮುದ್ದೆ ಮುರಿದು ಸಾರಿಗೆ ಅದ್ದಿದೆ, ಬಾಯಿಯ ಹತ್ತಿರ ತಂದೆ, ಬೆರಳಿಗೆ ಆ ಗೆರೆಯ ಗಡುಸು ಇನ್ನೂ ತಗಲುತ್ತಿತ್ತು, ಉಣ್ಣಲಾಗಲಿಲ್ಲ. ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ನಾನೂ ಉಣ್ಣುತ್ತಿದ್ದೇನೆ ಅಂದುಕೊಂಡು, ಸಾರು ಚೆನ್ನಾಗದೆ ಕಣ್ಮಗ, ಇನ್ನೂ ಒಂಚೂರು ಆಕ್ಕೋ ಅಂದಳು. ಹೂಂ ಅಂದೆ.