ಸಕ್ಕರೆಯಕ್ಕ ವಿಮಾನ ಎತ್ತಿದ್ದು

ರೈಲು ತಡವಾಗಿ ಬರುತ್ತದೆ ಎಂಬ ಸುದ್ದಿ ಕೇಳಿ ಯಾರಾದರೂ ಖುಷಿಪಡುತ್ತಾರೆಯೇ? ಆ ನಿಲ್ದಾಣದಲ್ಲಿ ಪಡುತ್ತಿದ್ದರು. ಧ್ವನಿವರ್ಧಕದಲ್ಲಿ ಅದನ್ನು ಹೇಳುತ್ತಿದ್ದವಳು ಸಕ್ಕರೆಯಕ್ಕ. ಜಗಳಕ್ಕೆಂದು ತೋಳೇರಿಸಿಕೊಂಡು ಬಂದವರೂ ಅವಳ ದನಿ ಕೇಳಿ ತಣ್ಣಗಾಗಿ, ಬೆಂಚಿನ ಮೇಲೆ ಕಾಲು ಚಾಚಿ ಮಲಗಿಬಿಡುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಹೀಗೆ ರೈಲಿಗೆ ಕಾದು ಕುಳಿತಿದ್ದ ಎಂಜಿನಿಯರ್ ಒಬ್ಬ ಆ ದನಿಗೆ ಮರುಳಾದ. ವಿಮಾನ ಇಳಿಯುವಾಗ ನೆಲ ಎಷ್ಟು ಕೆಳಗಿದೆ ಎಂದು ಅಳೆದು ಪೈಲಟ್‌ಗಳಿಗೆ ಹೇಳುವ ಯಂತ್ರವನ್ನು ಅವನ ಕಂಪನಿ ತಯಾರಿಸುತ್ತಿತ್ತು. ಯಂತ್ರ 'ಸಾವಿರ ಅಡಿ', 'ಐನೂರು' ಎಂದು ಎತ್ತರ ಹೇಳುತ್ತಾ ಹೋಗಬೇಕು. ಬರಬಾರದ ಕಡೆ ನೆಲ ಹತ್ತಿರ ಬಂದರೆ 'ನೆಲ ಹತ್ತಿರ, ಮೇಲೇರಿ' ಎನ್ನಬೇಕು. ಅದಕ್ಕೊಂದು ದನಿ ಬೇಕಾಗಿತ್ತು, ನೀವೇ ಕೊಡಿ ಎಂದು ಅವಳನ್ನು ಕೇಳಿದ. ಹುಟ್ಟಿದಾಗಿನಿಂದ ವಿಮಾನ ಹತ್ತದ ಸಕ್ಕರೆಯಕ್ಕ ಹಿಗ್ಗಿ ಹೀರೇಕಾಯಿಯಾದಳು.

ಪರೀಕ್ಷೆ ನಡೆದದ್ದು ತರಬೇತಿ ಕೋಣೆಯಲ್ಲಿ. ಅಲ್ಲೊಂದು ಕಾಕ್‌ಪಿಟ್‌ನಂಥ ಪೆಟ್ಟಿಗೆ, ಅದರ ಕಿಟಕಿಗಳಲ್ಲಿ ಸುಳ್ಳು ಮಂಜು. ಪೈಲಟ್‌ಗಳು ಒಬ್ಬೊಬ್ಬರಾಗಿ ಕುಳಿತರು. 'ನೆಲ ಹತ್ತಿರ, ಮೇಲೇರಿ' ಎಂಬ ಮಾತನ್ನು ಎಲ್ಲರೂ ಕೇಳಿಸಿಕೊಂಡರು, ಹೌದೆಂದು ತಲೆಯಾಡಿಸಿದರು, ಆಮೇಲೆ ವಿಮಾನ ಮೇಲೇರಿಸುವ ಹಿಡಿ ಎಳೆದರು. ಅಷ್ಟು ಹೊತ್ತಿಗೆ ಪರದೆಯ ಮೇಲಿನ ಗುಡ್ಡ ಬಂದು ಬಡಿದಾಗಿತ್ತು.

ತರಬೇತಿ ಕೊಡುವ ಹಿರಿಯ ಪೈಲಟ್ ಮುಲಾಜಿಲ್ಲದ ಮನುಷ್ಯ.

"ನಿಮ್ಮ ದನಿ ಕೇಳಿದ್ರೆ ಇನ್ನೂ ಬೇಕಾದಷ್ಟು ಹೊತ್ತಿದೆ ಅನ್ಸುತ್ತಮ್ಮ," ಎಂದ. "ಮಂಜಿನಲ್ಲಿ ಕಣ್ಣಿಗೆ ಏನೂ ಕಾಣಲ್ಲ. ಎತ್ತರ ತೋರಿಸೋ ಮುಳ್ಳನ್ನ ಆ ಊರಿನ ಗಾಳಿಯ ಒತ್ತಡಕ್ಕೆ ಸರಿಯಾಗಿ ಹೊಂದಿಸದೇ ಇದ್ರೆ ಅದೂ ಸುಳ್ಳು ಹೇಳುತ್ತೆ. ಆಗ ಉಳಿಯೋದು ಈ ದನಿ ಒಂದೇ. ಇದನ್ನ ಕೇಳಿ ಯೋಚನೆ ಮಾಡ್ತಾ ಕೂತ್ರೆ ಹಿಂದೆ ಕೂತವರ ಗತಿ ಏನು?"

"ಕೂಗಿ ಹೇಳ್ಲಾ?" ಎಂದಳು ಸಕ್ಕರೆಯಕ್ಕ.

ಕೂಗಿದ್ದೂ ಆಯಿತು. ಪೆಟ್ಟಿಗೆಯಲ್ಲಿ ಕುಳಿತಿದ್ದ ಪೈಲಟ್ ಬೆಚ್ಚಿಬಿದ್ದು, ಹಿಡಿ ಎಳೆಯುವುದು ಬಿಟ್ಟು ಸ್ಪೀಕರ್ ಕಡೆ ತಿರುಗಿ ನೋಡಿದ. ನಾಳೆ ಕೊನೆಯ ಸಲ, ಆಗದಿದ್ದರೆ ಬೇರೆ ದನಿ ಹುಡುಕಬೇಕು ಎಂದು ಎಂಜಿನಿಯರ್ ಅವಳ ಮುಖ ನೋಡದೆ ಹೇಳಿದ.

ಅವಳಿಗೆ ಅವಮಾನಕ್ಕಿಂತ ಭಯವೇ ಹೆಚ್ಚಾಗಿತ್ತು. ಜೋಗುಳ ಹಾಡಿ ಜನರನ್ನು ಗುಡ್ಡಕ್ಕೆ ಕಳಿಸುವವಳು ತಾನೇ ಆಗಿಬಿಟ್ಟರೆ?

ಮನೆಯಲ್ಲಿ ಅವಳ ಗಂಡ, ದರ್ಜಿ, ತಾರಸಿಯ ಮೇಲಿನ ನೀರಿನ ತೊಟ್ಟಿಗೆ ಬಣ್ಣ ಬಳಿಯುತ್ತಿದ್ದ. ತಾರಸಿಗೆ ಅಡ್ಡಗೋಡೆ ಇರಲಿಲ್ಲ. ಈ ವರ್ಷ ಕಟ್ಟಿಸೋಣ ಎಂದು ವರ್ಷ ವರ್ಷವೂ ಹೇಳುವುದು ಆ ಮಹಾಶಯನ ಪದ್ಧತಿ. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡು, ಇನ್ನೂ ಚೆನ್ನಾಗಿ ನೋಡಲೆಂದು ಹೆಜ್ಜೆ ಹಿಂದಿಡುತ್ತಾ ಅಂಚಿಗೆ ಬಂದಿದ್ದ. ಒಣಗಿದ ಬಟ್ಟೆ ತೆಗೆಯಲು ಮೆಟ್ಟಿಲು ಹತ್ತಿ ಬಂದ ಸಕ್ಕರೆಯಕ್ಕ ಅದನ್ನು ಕಂಡಳು.

"ನಿಲ್ಲಿ," ಎಂದಳು.

ಕೂಗಲಿಲ್ಲ. ದನಿ ತಗ್ಗಿತ್ತು, ಬಿಗಿಯಾಗಿತ್ತು, ಹುಡುಕಿದರೂ ಅದರಲ್ಲಿ ಒಂದು ಹರಳು ಸಕ್ಕರೆ ಸಿಗುತ್ತಿರಲಿಲ್ಲ. ದರ್ಜಿಯ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಅವಳು ಓಡಿಬಂದು ಅಂಗಿ ಹಿಡಿದು ಈಚೆಗೆ ಎಳೆದುಕೊಂಡಳು. ಇಬ್ಬರೂ ಅಲ್ಲೇ ಕುಸಿದು ಕುಳಿತರು.

"ನಿನ್ನ ಮಾತಿಗೆ ಕಾಲು ಮೊದ್ಲು ನಿಂತ್ಬಿಡ್ತು ಕಣೇ. ತಲೆಗೆ ಆಮೇಲೆ ಗೊತ್ತಾಯ್ತು," ಎಂದ ದರ್ಜಿ.

"ಮದುವೆಯಾದ ಮೇಲೆ ಇದೇ ಮೊದಲ ಸಲ ನನ್ನ ಮಾತು ಕೇಳಿದ್ದು ನೀವು," ಎಂದು ಬೈಯುತ್ತಲೇ ಅತ್ತಳು. ಅಳುತ್ತಿದ್ದವಳು ಸಟ್ಟನೆ ನಿಲ್ಲಿಸಿ ಕೇಳಿದಳು, "ಏನಂದ್ರಿ? ಕಾಲು ಮೊದ್ಲು ನಿಂತಿತಾ?"

ಮರುದಿನ ಮೈಕಿನ ಮುಂದೆ ಕಣ್ಣು ಮುಚ್ಚಿದಳು. ತಾರಸಿಯ ಅಂಚಿನಲ್ಲಿದ್ದ ಆ ಹಿಮ್ಮಡಿಯನ್ನು ನೆನೆದು ಹೇಳಿದಳು: "ನೆಲ ಹತ್ತಿರ, ಮೇಲೇರಿ." ಎಂಜಿನಿಯರ್‌ನ ಬೆನ್ನು ನೆಟ್ಟಗಾಯಿತು. ಹಿರಿಯ ಪೈಲಟ್ ಈ ಸಲ ತಾನೇ ಪೆಟ್ಟಿಗೆಯೊಳಗೆ ಕುಳಿತ. ಮಾತು ಮುಗಿಯುವಷ್ಟರಲ್ಲಿ ಪರದೆಯ ಗುಡ್ಡ ಕೆಳಗೆ ಜಾರಿಹೋಗಿತ್ತು. ಅವನು ಹೊರಗೆ ಬಂದು ತನ್ನ ಕೈಯನ್ನೇ ನೋಡಿಕೊಂಡ.

"ಕೈ ನನ್ನನ್ನ ಕೇಳಲೇ ಇಲ್ಲ," ಎಂದ.

ಯಂತ್ರ ವಿಮಾನಗಳಿಗೆ ಏರಿತು. ಸಕ್ಕರೆಯಕ್ಕ ಎಂದಿನಂತೆ ರೈಲುಗಳನ್ನು ತಡಮಾಡುತ್ತಾ ಇದ್ದಳು. ಒಂದು ಮಧ್ಯಾಹ್ನ ಅವಳೂ, ಬುತ್ತಿ ತಂದಿದ್ದ ದರ್ಜಿಯೂ ನಿಲ್ದಾಣದ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಪೈಲಟ್ ಸಮವಸ್ತ್ರದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

"ಮೊನ್ನೆ ಮಂಜಲ್ಲಿ ಇಳೀತಾ ಇದ್ವಿ ಅಕ್ಕ. ಮುಳ್ಳು ಹೊಂದಿಸೋದ್ರಲ್ಲಿ ತಪ್ಪಾಗಿತ್ತು. ಇನ್ನೂ ತುಂಬ ಎತ್ತರದಲ್ಲಿದ್ದೀವಿ ಅಂತಲೇ ನಾನು ಅಂದ್ಕೊಂಡಿದ್ದೆ. ನೀವು ಹೇಳಿದ್ರಿ, ಎಳೆದೆ. ಮಂಜಿನ ಸಂದಿಯಲ್ಲಿ ಕೆಳಗೆ ಮರಗಳ ತುದಿ ಕಾಣಿಸ್ತು. ಇನ್ನೊಂದು ಸುತ್ತು ಹಾಕಿ ಸರಿಯಾಗಿ ಇಳಿಸಿದೆ. ಎಲ್ಲರೂ ಅವರವರ ಮನೆಗೆ ಹೋದ್ರು."

ಸಕ್ಕರೆಯಕ್ಕನ ಎದೆ ತುಂಬಿ ಬಂತು. ದರ್ಜಿಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಬಲಗಾಲನ್ನು ಕುರ್ಚಿಯ ಮೇಲೇರಿಸಿ, ಪದಕ ತೋರಿಸುವವನ ಹಾಗೆ ತೋರಿಸಿದ.

"ಆ ದನಿಗೆ ಮೊದಲು ನಿಂತ ಕಾಲು ಇದೇ ನೋಡಮ್ಮ."

"ಕಾಲು ಇಳಿಸಿ," ಎಂದಳು ಸಕ್ಕರೆಯಕ್ಕ, ಅದೇ ದನಿಯಲ್ಲಿ.

ಕಾಲು ತಟಕ್ಕನೆ ಇಳಿಯಿತು. ಬಾಗಿಲಲ್ಲಿದ್ದ ಪೈಲಟ್ ಹೆಂಗಸಿನ ಕೈ ತಾನಾಗಿ ಎದ್ದು, ಇಲ್ಲದ ಹಿಡಿಯನ್ನು ಎದೆಯ ಕಡೆಗೆ ಎಳೆಯಿತು.